ಜಿಂಕೆ ಕಟ್ಟುವ ಜಾಗದಲ್ಲಿ ನಾನು

ಆ ಭಾನುವಾರ ನನ್ನ ಮಗ ನನ್ನನ್ನು ಮನೆಯಿಂದ ಹೊರಗೆ ಕರೆದುಕೊಂಡು ಹೋಗಿ, ಸತ್ತ ಜಿಂಕೆ ಕಟ್ಟುವ ಜಾಗದಲ್ಲಿ ಕೂರಿಸಿದ. ಕಬ್ಬಿಣದ ಸರಳುಗಳ ಚೌಕಟ್ಟು ಅದು. ನಾಲ್ಕು ದಪ್ಪ ಚಕ್ರದ ಒಂದು ಗಾಡಿಯ ಹಿಂಭಾಗಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. "ಯವ್ವಾ, ಕೈ ಗಟ್ಟಿ ಹಿಡ್ಕೊ, ಕಾಲು ಕೆಳಗ ಬಿಡಬ್ಯಾಡ" ಅಂದವನೇ ಜಿಂಕೆ ಕಟ್ಟುವ ಬೆಲ್ಟನ್ನು ನನ್ನ ಸೊಂಟಕ್ಕೆ ಬಿಗಿದು ಗಾಡಿ ಬಿಟ್ಟ. ಅವನು ಕೆಲಸ ಮಾಡುವ ಶೆಡ್ಡಿನ ಹಿಂದಿನ ಬಯಲಿನಲ್ಲಿ ಬರೀ ಕಲ್ಲು, ಗುಂಡಿ, ಒಣಗಿದ ಜಾಲಿ. ನನ್ನ ಹಲ್ಲಿಗೆ ಹಲ್ಲು ಬಡಿಯಿತು. ಎರಡು ಸುತ್ತು ಹಾಕಿ ನಿಲ್ಲಿಸಿದ ಮೇಲೆ ಅವನು ಮೊದಲು ನೋಡಿದ್ದು ಬೋಲ್ಟುಗಳನ್ನು, ಆಮೇಲೆ ನನ್ನನ್ನು.

"ಹೆಂಗಿತ್ತು?" ಅಂದ.

"ಜಿಂಕಿ ಆದ್ರೆ ಸತ್ತಿರತೈತಿ, ಅದಕ್ಕೇನೂ ಗೊತ್ತಾಗಲ್ಲ. ನಾನು ಬದುಕೀನಿ. ಸೊಂಟ ಹೋತು" ಅಂದೆ.

ಇಂಥ ಗಾಡಿಗೆ ಇಲ್ಲಿ ಎಟಿವಿ ಅನ್ನುತ್ತಾರೆ. ನೋಡಲು ಟ್ರ್ಯಾಕ್ಟರಿನ ಮರಿ. ಕೂರುವುದು ಮಾತ್ರ ಮೋಟಾರ್ ಸೈಕಲ್ಲಿನ ಹಾಗೆ ಕಾಲು ಆಚೆ ಈಚೆ ಹಾಕಿ. ರಸ್ತೆ ಬೇಕಿಲ್ಲ, ಹಳ್ಳ ಗುಡ್ಡ ಎಲ್ಲಾದರೂ ಹತ್ತುತ್ತದೆ. ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹೋಗುವವರು ಇದರ ಮೇಲೆ ಹೋಗುತ್ತಾರಂತೆ. ಬಂದೂಕು ಇಡುವ ಕವಲು, ಜಿಂಕೆ ಕಟ್ಟುವ ಚೌಕಟ್ಟು, ಮುಂದಿನ ದೀಪ, ಇವೆಲ್ಲ ತಯಾರಾಗುವುದು ಇಲ್ಲಿ, ದೆಹಲಿಯಾಚೆ ಹರಿಯಾಣದ ಮಾನೇಸರಿನಲ್ಲಿ, ನನ್ನ ಮಗ ಓಬಳೇಶ ವೆಲ್ಡಿಂಗ್ ಮಾಡುವ ಶೆಡ್ಡಿನಲ್ಲಿ. ಅಮೆರಿಕದ ಜಿಂಕೆ ನನ್ನಷ್ಟೇ ತೂಕವಂತೆ. ಮರಳಿನ ಚೀಲ ಇಟ್ಟು ನೋಡಿದ್ದರು. ಚೀಲ ಬಿದ್ದಲ್ಲೇ ಬಿದ್ದಿರುತ್ತದೆ, ಹೆಣ ಆಚೆ ಈಚೆ ವಾಲುತ್ತದೆ, ಅದಕ್ಕೆ ವಾಲುವಂಥದ್ದೇ ಬೇಕು ಅಂತ ನನ್ನನ್ನು ಕೂರಿಸಿದ. ಅವತ್ತು ಸೊಸೆ ಮಗುವನ್ನು ಕರೆದುಕೊಂಡು ದೆಹಲಿಯ ಮಯೂರ್ ವಿಹಾರದ ತವರಿಗೆ ಹೋಗಿದ್ದಳು. ಇಡೀ ದಿನ ನನ್ನನ್ನು ಬೀಗ ಹಾಕಿ ಬಿಟ್ಟುಹೋಗಲು ಇವನಿಗೆ ಮನಸ್ಸಾಗಲಿಲ್ಲವೋ, ಬರೀ ತೂಕ ಬೇಕಾಗಿತ್ತೋ, ನಾನು ಕೇಳಲಿಲ್ಲ. ಹೊರಗೆ ಬಂದೆನಲ್ಲ, ಸಾಕು.

ಬೀಗ ಅಂದೆನಲ್ಲ, ಅದರ ವಿಷಯ ಹೇಳುತ್ತೇನೆ.

ನಮ್ಮದು ಕೂಡ್ಲಿಗಿ ಕಡೆ. ಅಕ್ಷರ ಕಲಿತದ್ದು ತಲೆ ನೆರೆತ ಮೇಲೆ, ಸಂಜೆ ಶಾಲೆಯಲ್ಲಿ. ಒತ್ತು ದೀರ್ಘ ತಪ್ಪಿದ್ದರೆ ಅಚ್ಚು ಹಾಕುವವರು ತಿದ್ದಿಕೊಳ್ಳಲಿ. ಸೊಸೆ ಸುನೀತಾಳ ಬಾಣಂತನಕ್ಕೆ ಅಂತ ಇಲ್ಲಿಗೆ ಬಂದೆ. ಮೂರು ತಿಂಗಳು ಇದ್ದು ಬಾ ಅಂದಿದ್ದರು. ಆ ಮಗು ಪಿಂಕಿ ಈಗ ಶಾಲೆಗೆ ಹೋಗುತ್ತಾಳೆ, ನಾನು ಇನ್ನೂ ಇಲ್ಲೇ ಇದ್ದೇನೆ. ಊರಿಗೆ ಯಾವಾಗ ಕಳಿಸ್ತೀಯಲೇ ಅಂತ ಕೇಳಿದರೆ ಓಬಳೇಶ "ದೀಪಾವಳಿ ಮುಗೀಲಿ ಯವ್ವಾ" ಅನ್ನುತ್ತಾನೆ. ದೀಪಾವಳಿ ಮುಗಿದರೆ "ಚಳಿ ಕಳೀಲಿ" ಅನ್ನುತ್ತಾನೆ. ಚಳಿ ಕಳೆದರೆ "ಪಿಂಕಿ ಪರೀಕ್ಷೆ ಮುಗೀಲಿ" ಅನ್ನುತ್ತಾನೆ. ಪಿಂಕಿಯ ಪರೀಕ್ಷೆ ಮುಗಿದದ್ದನ್ನು ನಾನು ಕಂಡಿಲ್ಲ.

ನಾವಿರುವುದು ಒಂಬತ್ತನೇ ಮಹಡಿ. ಒಂದು ಕಾಂಪೌಂಡಿನೊಳಗೆ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಕಟ್ಟಡಗಳು. ಇದಕ್ಕೆ ಸೊಸೈಟಿ ಅನ್ನುತ್ತಾರೆ. ನಮ್ಮ ಕಡೆ ಸೊಸೈಟಿ ಅಂದರೆ ಅಕ್ಕಿ, ಸೀಮೆಎಣ್ಣೆ ಕೊಡುವ ಅಂಗಡಿ. ಅಲ್ಲಿಯೂ ಕಾಯಬೇಕು, ಇಲ್ಲಿಯೂ ಕಾಯಬೇಕು, ಆದರೆ ಅಲ್ಲಿ ಕಾದರೆ ಏನಾದರೂ ಸಿಗುತ್ತಿತ್ತು. ಊರಿನಲ್ಲಿ ನಮ್ಮ ಬಾಗಿಲು ಬೆಳಗ್ಗೆ ತೆರೆದರೆ ಮಲಗುವಾಗ ಮುಚ್ಚುವುದು. ಕೋಳಿ ಬರುತ್ತದೆ, ನಾಯಿ ಬರುತ್ತದೆ, ಪಕ್ಕದವಳು ಉಪ್ಪು ಕೇಳಲು ಬಂದು ಮಧ್ಯಾಹ್ನದವರೆಗೂ ಕೂರುತ್ತಾಳೆ. ಇಲ್ಲಿ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹೊಸ್ತಿಲು ಅಂತ ಇಲ್ಲ, ಕಪ್ಪು ಕಲ್ಲಿನ ಒಂದು ಪಟ್ಟಿ ಇದೆ. ಬಂದ ಹೊಸದರಲ್ಲಿ ಅದಕ್ಕೇ ಅರಿಶಿನ ಹಚ್ಚಿದ್ದೆ. ಕಸ ಒಯ್ಯುವವನು ಏನೋ ಚೆಲ್ಲಿದೆ ಅಂತ ಒರೆಸಿಬಿಟ್ಟ.

ಮೊದಲನೇ ಚಳಿಗಾಲದಲ್ಲಿ ಒಂದು ದಿನ ಸಗಣಿ ವಾಸನೆ ಬಂತು. ಎಲ್ಲಿ ದನ ಇವೆ ಅಂತ ನೋಡಲು, ಕೂಸನ್ನು ಸೊಸೆಯ ಹತ್ತಿರ ಬಿಟ್ಟು ಒಬ್ಬಳೇ ಇಳಿದು ಹೋದೆ. ವಾಪಸ್ಸು ಬರುವಾಗ ಮಂಜು ಕವಿದು ಎಲ್ಲ ಕಟ್ಟಡವೂ ಒಂದೇ. ಗೇಟಿನ ಗಾರ್ಡು ಮನೆ ನಂಬರು ಕೇಳಿದ. ಬಾಗಿಲಲ್ಲಿ ತುಳಸಿ ಕುಂಡ ಐತಿ ಅಂದೆ. ನಾನು ಹೇಳಿದ್ದು ಕನ್ನಡದಲ್ಲಿ, ಅವನಿಗೆ ತಿಳಿಯುವುದು ಹಿಂದಿ. ಅವನು ಬೈಯಲಿಲ್ಲ, ಅದನ್ನು ಹೇಳಬೇಕು. ತನ್ನ ಬೆಂಕಿಯ ಹತ್ತಿರ ಕೂರಿಸಿ ಚಹಾ ಕೊಟ್ಟ, ಡಬ್ಬಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟ. ಬಾಜ್ರಾ ರೋಟಿ ಅಂದ. ತಿಂದು ನೋಡಿದರೆ ನಮ್ಮ ಸಜ್ಜೆ ರೊಟ್ಟಿ! ಈ ಊರಿಗೆ ಬಂದು ನಾನಾಗಿಯೇ ಕಲಿತ ಮೊದಲನೇ ಹಿಂದಿ ಮಾತು ಅದು. ಸಂಜೆ ಮಗ ಸೊಸೆ ಹುಡುಕಿಕೊಂಡು ಬಂದಾಗ ನಾನು ಎರಡನೇ ಲೋಟ ಚಹಾ ಕುಡಿಯುತ್ತಿದ್ದೆ. ಅವರ ಮುಖ ಬಿಳಿಚಿಕೊಂಡಿತ್ತು.

ಮಾರನೇ ದಿನದಿಂದ ಇಬ್ಬರೂ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ. ಸುನೀತಾ ಕೆಟ್ಟವಳಲ್ಲ. ಅವಳ ಅಪ್ಪ ನಮ್ಮ ಜನವೇ, ಇಲ್ಲಿ ಸೆಂಟ್ರಲ್ ಗೌರ್ಮೆಂಟ್ ಆಫೀಸಿನಲ್ಲಿ ಜವಾನ ಆಗಿದ್ದವರು. ಅವಳು ಹುಟ್ಟಿದ್ದು ಬೆಳೆದದ್ದು ದೆಹಲಿ. ಕನ್ನಡ ಶುರು ಮಾಡುತ್ತಾಳೆ, ಅರ್ಧಕ್ಕೆ ಹಿಂದಿ ಆಗಿರುತ್ತದೆ.

"ಅತ್ತೆ, ಬುರಾ ಮತ್ ಮಾನಿಯೇ, ಬೇಜಾರು ಮಾಡ್ಕೋಬೇಡಿ. ನಿಮ್ಮ ಸೇಫ್ಟಿಗೇ ಅಲ್ವಾ?"

"ಮೇಕೆ ಕಟ್ಟೋರೂ ಹಂಗೇ ಅಂತಾರವ್ವಾ" ಅಂದೆ.

"ಹಾಯ್, ಏನ್ ಮಾತಾಡ್ತೀರಿ ಅತ್ತೆ!" ಅಂದು ನಕ್ಕಳು. ಬೀಗ ಮಾತ್ರ ಹಾಕಿದಳು.

ಒಳಗೆ ಕೂತು ನೋಡಲು ಒಂದು ಬಾಲ್ಕನಿ ಇದೆ. ದೂರಕ್ಕೆ ಅರಾವಳಿ ಗುಡ್ಡ ಕಾಣುತ್ತದೆ. ಬೆಟ್ಟ ಅನ್ನುವಷ್ಟು ಎತ್ತರವಿಲ್ಲ. ನಮ್ಮ ಕಡೆಯ ಹಾಗೆಯೇ ಕುಳ್ಳ, ಕಲ್ಲು, ಮುಳ್ಳು. ಬೆಳಗಿನ ಹೊತ್ತು ಕೆಳಗಿನ ಖಾಲಿ ಸೈಟುಗಳಲ್ಲಿ ಎಮ್ಮೆಯಂಥ ಪ್ರಾಣಿಗಳು ಸಾಲಾಗಿ ದಾಟುತ್ತವೆ. ನೀಲ್‌ಗಾಯ್ ಅನ್ನುತ್ತಾರೆ. ಹೆಸರು ಹಸುವಿನದು, ಕಾಲು ನೋಡಿದರೆ ಜಿಂಕೆಯ ಕಡೆಯದು. ಅವು ನಿಂತು ನಮ್ಮ ಕಟ್ಟಡವನ್ನು ನೋಡುತ್ತವೆ. ನಾನು ಅವನ್ನು ನೋಡುತ್ತೇನೆ. ಬೀಗ ಇರುವುದು ನನ್ನ ಕಡೆ.

ಆ ಭಾನುವಾರದ ಸವಾರಿಯ ನಂತರ ನನಗೊಂದು ಕೆಲಸ ಸಿಕ್ಕಿತು. ಬಂದೂಕಿಗೆ ಹಾಕುವ ಕವರು. ಗಾಡಿ ಕುಲುಕಿದಾಗ ಬಂದೂಕಿಗೆ ಪೆಟ್ಟಾಗಬಾರದು, ಸದ್ದಾಗಬಾರದು. ಮಷೀನಿನಲ್ಲಿ ಹೊಲಿದದ್ದರಲ್ಲಿ ಒಳಗಿನ ಹತ್ತಿ ಸರಿದು ಒಂದು ಮೂಲೆಗೆ ಗಂಟಾಗುತ್ತಿತ್ತು. ನಾನು ಕಂಬಳಿಯ ತುಂಡು ಒಳಗಿಟ್ಟು ಕೌದಿ ಹೊಲಿಯುವ ಹಾಗೆ ಉದ್ದಕ್ಕೂ ಸಾಲು ಸಾಲು ಕೈಹೊಲಿಗೆ ಹಾಕಿದೆ. ಸರಿಯಲಿಲ್ಲ. ಶೆಡ್ಡಿನ ಮಾಲೀಕನಿಗೆ ಹಿಡಿಸಿತು. ಓಬಳೇಶ ಚೀಲ ತುಂಬ ರೆಕ್ಸಿನ್ನು ತಂದು ಸುರಿದ.

"ಯವ್ವಾ, ನಿನ್ನ ಹೊಲಿಗಿ ಅಮೆರಿಕಾಕ್ಕೆ ಹೊಂಟೈತಿ ನೋಡು."

"ನಾನು ಗೇಟಿಗೂ ಹೊಂಟಿಲ್ಲ. ಹೊಲಿಗಿಯಾದ್ರೂ ಹೋಗ್ಲಿ" ಅಂದೆ.

ಅವನು ಫೋನಿನಲ್ಲಿ ಅಮೆರಿಕದವರ ಬೇಟೆಯ ವಿಡಿಯೋ ತೋರಿಸುತ್ತಿದ್ದ. ಚಕ್ರದ ಗಾಳಿ ಸ್ವಲ್ಪ ಇಳಿಸುತ್ತಾರೆ, ಒಣಗಿದ ಎಲೆಯ ಮೇಲೆ ಹೋದರೂ ಸದ್ದು ಕಡಿಮೆ. ಗಾಡಿಗೆ ಎಲೆ ಮಣ್ಣು ಬಣ್ಣದ ಹೊದಿಕೆ. ಮುಂದೆ ವಿಂಚು ಅಂತ ಒಂದು ರಾಟೆ, ಹಗ್ಗ ಸುತ್ತಿಕೊಂಡಿರುತ್ತದೆ, ಹಳ್ಳದಲ್ಲಿ ಸಿಕ್ಕ ಗಾಡಿಯನ್ನೂ ಎಳೆಯುತ್ತದೆ, ಬಿದ್ದ ಜಿಂಕೆಯನ್ನೂ ಎಳೆಯುತ್ತದೆ. ಅಲ್ಲಿ ಬೇಟೆಗೆ ಸರ್ಕಾರವೇ ಚೀಟಿ ಕೊಡುತ್ತದಂತೆ, ಇಂಥ ಕಾಲ ಅಂತ ಇದೆಯಂತೆ. ಆ ವಿಡಿಯೋದವರು ಗಾಡಿ ಮೇಲಿರುವಾಗ ಬಂದೂಕಿಗೆ ಗುಂಡು ತುಂಬುವುದಿಲ್ಲ. ಗಾಡಿ ದೂರದಲ್ಲಿ ನಿಲ್ಲಿಸಿ, ನಡೆದು ಹೋಗಿ, ಮರದ ಮೇಲೆ ಕೂತು ಕಾಯುತ್ತಾರೆ.

"ನಡೆದೇ ಹೋಗೋದಾದ್ರೆ ಈ ಗಾಡಿ ಯಾಕಲೇ?"

"ವಾಪಸ್ ತರಾಕೆ ಯವ್ವಾ. ಅಲ್ಲಿ ಹೊರೋರು ಸಿಗಾದಿಲ್ಲ."

ಹೊರುವವರು. ನನ್ನ ಕೈಯ ಸೂಜಿ ನಿಂತಿತು.

ನಮ್ಮ ಜನದಲ್ಲಿ ಹಿಂದೆ ಬೇಟೆ ಇತ್ತು. ಯುಗಾದಿ ಮುಗಿದ ಮೇಲೆ ಗಂಡಸರು ಬಲೆ, ನಾಯಿ ಕಟ್ಟಿಕೊಂಡು ಹೊರಡುವುದು. ಅವರು ಹೊರಟ ಮೇಲೆ ಮನೆಯ ಹೆಂಗಸು ಹೊಸ್ತಿಲು ದಾಟುವಂತಿಲ್ಲ, ತಲೆ ಬಾಚುವಂತಿಲ್ಲ, ಕಸ ಗುಡಿಸುವಂತಿಲ್ಲ. ಗುಡಿಸಿದರೆ ಬೇಟೆ ಕೆಡುತ್ತದೆ. ಅವರು ಬಂದ ಮೇಲೆ ನೀರು ಚಿಮುಕಿಸಿ ಏಳಬೇಕು. ಪಾಲು ಹಾಕುವಾಗ ಹೊತ್ತು ತಂದವನಿಗೆ ಕುತ್ತಿಗೆಯ ಮಾಂಸ. ಕಾಯಿದೆ ಬಂತು, ಬೇಟೆ ನಿಂತಿತು. ಆದರೆ ಒಬ್ಬ ಕಂಟ್ರಾಕ್ಟರು, ಲೈಸೆನ್ಸಿನ ಬಂದೂಕು ಇದ್ದವನು, ನನ್ನ ಗಂಡ ಪಾಲಯ್ಯನನ್ನು ಒಂದು ಸಲ ಕರೆದುಕೊಂಡು ಹೋದ. ಗುಂಡು ಹೊಡೆದದ್ದು ಅವನು. ಹೆಗಲ ಮೇಲೆ ಹೊತ್ತದ್ದು ಇವನು. ಸೇತುವೆ ಹತ್ತಿರ ಫಾರೆಸ್ಟಿನವರು ನಿಂತಿದ್ದರು. ಕಂಟ್ರಾಕ್ಟರು ಜೀಪು ಹತ್ತಿ ಮನೆಗೆ ಹೋದ. ಹೊತ್ತವನು ಜೈಲಿಗೆ ಹೋದ.

ನಾನು ಒಳಗೆ ಕೂತಿದ್ದೆ. ಬೇಟೆಗೆ ಹೋದವನು ಬಂದಿಲ್ಲ, ಏಳುವ ಹಾಗಿಲ್ಲ. ಕಸ ಮೂಲೆಯಲ್ಲಿ ಗುಡ್ಡೆಯಾಯಿತು, ತಲೆಯಲ್ಲಿ ಹೇನಾದವು. ಓಬಳೇಶ ಆಗ ತೊಟ್ಟಿಲ ಕೂಸು. ಕಡೆಗೆ ನಮ್ಮತ್ತೆ ಪೊರಕೆ ತಂದು ತಾನೇ ಗುಡಿಸಿ, "ಏಳವ್ವಾ, ಬ್ಯಾಟಿ ಮುಗೀತು" ಅಂದಳು. ಪಾಲಯ್ಯ ಬಿಡುಗಡೆಯಾಗಿ ಬಂದ, ಕೆಮ್ಮು ತಂದ, ಬಹಳ ದಿನ ಬಾಳಲಿಲ್ಲ. ಈ ಕಥೆ ಓಬಳೇಶನಿಗೆ ಗೊತ್ತು. ಸಣ್ಣವನಿದ್ದಾಗ ನೂರು ಸಲ ಹೇಳಿದ್ದೇನೆ. ಅದು ಸಾಲಲಿಲ್ಲ ಅಂತ ಆಮೇಲೆ ತಿಳಿಯಿತು.

ಶೆಡ್ಡಿಗೆ ಒಬ್ಬ ಸಾಹೇಬ ಬಂದ. ಅರಾವಳಿಯ ಬುಡದಲ್ಲಿ ಅವನಿಗೆ ಫಾರ್ಮ್‌ಹೌಸ್ ಇದೆ. ನಮ್ಮ ಕಡೆ ತೋಟದ ಮನೆ ಅಂದರೆ ದುಡಿಯುವವನ ಗುಡಿಸಲು, ಇಲ್ಲಿ ದುಡಿಯದವನ ಬಂಗಲೆ. ಅಮೆರಿಕಕ್ಕೆ ಹೋಗುವ ಸಾಮಾನೆಲ್ಲ ತನ್ನ ಎಟಿವಿಗೂ ಬೇಕು ಅಂದ. ನೀಲ್‌ಗಾಯ್ ಬಂದು ಗೋಧಿ ತಿನ್ನುತ್ತವೆ, ಓಡಿಸಬೇಕು ಅಂತ ಹೇಳಿದ. ಓಬಳೇಶ ಕೂತು ಎಲ್ಲ ಜೋಡಿಸಿದ: ದೀಪ, ವಿಂಚು, ಎಲೆಬಣ್ಣದ ಸೀಟು, ಹಿಂದಿನ ಚೌಕಟ್ಟು, ಅದಕ್ಕೆ ಕಟ್ಟುವ ಬೆಲ್ಟು. ಕವರು ನಾನು ಹೊಲಿದದ್ದೇ. ಸಾಹೇಬನಿಗೆ ಇವನ ಕೈಗುಣ ಹಿಡಿಸಿತು. ನನ್ನ ಫಾರ್ಮಿಗೇ ಬಂದುಬಿಡು, ಗಾಡಿ ಪಂಪು ಎಲ್ಲ ನೀನೇ ನೋಡಿಕೊ, ಇರಲು ಮನೆ ಕೊಡುತ್ತೇನೆ ಅಂದ.

ಮನೆಯ ಫೋಟೋ ಓಬಳೇಶ ನನಗೂ ತೋರಿಸಿದ. ನೆಲದ ಮೇಲಿನ ಮನೆ. ಮುಂದೆ ಅಂಗಳ, ಬೇವಿನ ಮರ, ನೀರಿನ ತೊಟ್ಟಿ. ಬಾಗಿಲಿಗೆ ನಿಜವಾದ ಹೊಸ್ತಿಲು.

ಸುನೀತಾ ಕುಣಿದಳು. "ಅತ್ತೆ, ದೇಖಿಯೇ! ನಿಮಗೆ ಲಿಫ್ಟ್ ಇಲ್ಲ, ಬೀಗ ಇಲ್ಲ. ಕೋಳಿ ಸಾಕ್ಕೊಳ್ಳಿ, ಎಮ್ಮೆ ಸಾಕ್ಕೊಳ್ಳಿ, ಜೋ ಮರ್ಜೀ, ನಿಮ್ಮ ಇಷ್ಟ!"

ಆ ಅಂಗಳ ನನಗೆ ಬೇಕಿತ್ತು. ಸುಳ್ಳು ಯಾಕೆ ಹೇಳಲಿ. ಅವತ್ತು ಊಟಕ್ಕೆ ಕೂತಾಗಲೂ ಅದೇ ಕಣ್ಣ ಮುಂದೆ. ತೊಟ್ಟಿಯ ಪಕ್ಕದಲ್ಲಿ ಕೋಳಿಗೂಡು ಎಲ್ಲಿಡುವುದು ಅಂತ ಜಾಗ ಕೂಡ ನೋಡಿಬಿಟ್ಟಿದ್ದೆ.

ಆಮೇಲೆ ಓಬಳೇಶ ಹೇಳಿದ, ಮುಂದಿನ ಭಾನುವಾರ ಸಾಹೇಬರ ಜೊತೆ ಒಂದು ಸುತ್ತು ಹೋಗಬೇಕು, ಗಾಡಿ ತಾನೇ ಓಡಿಸಬೇಕು, ವಿಂಚು ಅವರಿಗೆ ಬರುವುದಿಲ್ಲ ಅಂತ.

"ಎಲ್ಲಿಗೆ?"

"ಗುಡ್ಡದ ಕಡಿಗೆ. ನೀಲ್‌ಗಾಯ್ ಓಡ್ಸಾಕೆ."

"ಓಡ್ಸಾಕೆ ಹೋಗೋರಿಗೆ ಕಟ್ಟೋ ಬೆಲ್ಟು ಯಾಕಲೇ?"

ಅವನು ರೊಟ್ಟಿ ಮುರಿಯುತ್ತ ಕೂತ. ಮುರಿದದ್ದನ್ನೇ ಮತ್ತೆ ಮುರಿದ.

"ಹಿರನ್ ಸಿಕ್ರೆ ಒಂದು..." ಅಂದ. ಹಿರನ್ ಅಂದರೆ ಜಿಂಕೆ. "ಒಂದೇ ಸಲ ಯವ್ವಾ. ಸಾಹೇಬ್ರಿಗೆ ಎಲ್ಲಾರೂ ಪರಿಚಯ ಅದಾರೆ. ಏನೂ ಆಗಾದಿಲ್ಲ."

"ಕಂಟ್ರಾಕ್ಟರ್‌ಗೂ ಎಲ್ಲಾರೂ ಪರಿಚಯ ಇದ್ರು. ಅವಂಗೆ ಏನೂ ಆಗ್ಲಿಲ್ಲ."

"ಅಪ್ಪಂದು ಬ್ಯಾರೆ ಕಾಲ."

"ಕಾಲ ಬ್ಯಾರೆ. ಹೆಗಲು ಅದೇ ಐತಿ. ಈಗ ಅದಕ್ಕೆ ಚಕ್ರ ಬಂದೈತಿ ಅಷ್ಟೆ."

"ನಿನಗೋಸ್ಕರನೇ ಯವ್ವಾ ಇದು! ಒಳಗ ಕೂಡಿ ಹಾಕೀಯಲೇ ಅಂತ ದಿನಾ ಅಂತೀಯಲ್ಲ? ಅಂಗಳ ಬೇಕೋ ಬ್ಯಾಡೋ?"

ಸುನೀತಾ ಬಾಯಿ ಹಾಕಿ, "ಅತ್ತೆ, ನೀವು ಟೆನ್ಷನ್ ತಗೋಬೇಡಿ, ಬಡೇ ಲೋಗ್ ಹೈಂ" ಅಂದಳು. ದೊಡ್ಡ ಜನ ಅಂತ. ನನಗೆ ಹೆದರಿಕೆ ಇದ್ದದ್ದೇ ಅದಕ್ಕೆ.

ಆ ವಾರ ಬೀಗದೊಳಗೆ ಕೂತು ಒಂದೇ ಯೋಚನೆ. ಇವನು ಹೋದರೆ ನನಗೆ ಅಂಗಳ. ಸಿಕ್ಕಿಬಿದ್ದರೆ ಇವನಿಗೆ ಜೈಲು. ಯಾರಿಗಾದರೂ ಹೇಳೋಣ ಅಂದರೆ ಯಾರಿಗೆ ಹೇಳಲಿ, ಯಾವ ಭಾಷೆಯಲ್ಲಿ ಹೇಳಲಿ, ಬಾಗಿಲು ಹೇಗೆ ದಾಟಲಿ? ಪೊಲೀಸರಿಗೆ ಹೇಳಿದರೆ ಮೊದಲು ಹಿಡಿಯುವುದು ಇವನನ್ನೇ. ಬಾಲ್ಕನಿಯಲ್ಲಿ ನಿಂತರೆ ಆ ಪ್ರಾಣಿಗಳು ಎಂದಿನಂತೆ ದಾಟಿ ಹೋಗುತ್ತಿದ್ದವು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಎದ್ದು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡೆ. ಓಬಳೇಶ ಬೂಟು ಹಾಕಿಕೊಳ್ಳುತ್ತಿದ್ದ. ನಾನು ಪೊರಕೆ ತೆಗೆದುಕೊಂಡು ಬಾಗಿಲ ಹತ್ತಿರದಿಂದಲೇ ಗುಡಿಸಲು ಶುರು ಮಾಡಿದೆ. ಅವನ ಕೈ ಬೂಟಿನ ದಾರದಲ್ಲೇ ನಿಂತಿತು.

"ಯವ್ವಾ, ಈಗ ಗುಡಿಸಬ್ಯಾಡ."

"ಯಾಕೆ? ನೀನು ಬರೇ ಓಡ್ಸಾಕೆ ಹೊಂಟೀಯಲ್ಲ."

"ಬ್ಯಾಡ ಅಂದ್ನೆಲ್ಲ!"

ಸುನೀತಾ ಅಡುಗೆಮನೆಯಿಂದ ಇಣುಕಿದಳು. "ಅರೇ, ಸಾಫ್ ಹೀ ತೋ ಕರ್ ರಹೀ ಹೈಂ. ಗುಡಿಸಲಿ ಬಿಡ್ರೀ, ಧೂಳಿದೆ."

ಅವಳಿಗೆ ಗೊತ್ತಿಲ್ಲ. ನಮ್ಮಿಬ್ಬರಿಗೆ ಗೊತ್ತಿತ್ತು. ಅವನು ನನ್ನನ್ನು ನೋಡಿದ, ನೆಲ ನೋಡಿದ, ದಾರ ಕಟ್ಟದೆ ಎದ್ದು ಹೊರಟುಬಿಟ್ಟ. ಗುಡಿಸಿದರೆ ಹೋಗುವುದಿಲ್ಲ ಅಂತ ನಾನು ನಂಬಿದ್ದೆ. ಹೋದ. ಸುನೀತಾ ಮನೆಯಲ್ಲೇ ಇದ್ದುದರಿಂದ ಬೀಗ ಬೀಳಲಿಲ್ಲ. ಬಾಗಿಲು ಮುಚ್ಚಿಕೊಳ್ಳುವುದರೊಳಗೆ ಪೊರಕೆ ಹಿಡಿದೇ ನಾನೂ ಆಚೆ ಬಂದೆ. ಅವನು ಹೋದ ಲಿಫ್ಟು ಮತ್ತೆ ಮೇಲೆ ಬಂತು. ಒಳಗೆ ನಾಯಿ ಹಿಡಿದ ಒಬ್ಬಳು ಇದ್ದಳು. ಪೊರಕೆ ನೋಡಿ ಮೂಲೆಗೆ ಸರಿದಳು.

ಗೇಟಿನ ಹೊರಗೆ ಸಾಹೇಬನ ಜೀಪು, ಅದರ ಹಿಂದೆ ಟ್ರಾಲಿ, ಟ್ರಾಲಿಯ ಮೇಲೆ ಎಟಿವಿ. ವಾಕಿಂಗಿಗೆ ಬಂದ ಗಂಡಸರು ಸುತ್ತ ನಿಂತಿದ್ದರು. ಅವರಿಗೆ ತೋರಿಸಲು ಗಾಡಿ ಹತ್ತಿಸುವ ಹಲಗೆ ಕೆಳಗಿಳಿಸಿದ್ದರು. ಓಬಳೇಶ ಸಾಹೇಬನಿಗೆ ಕೈಮುಗಿಯುತ್ತಿದ್ದ. ನಾನು ಯಾರನ್ನೂ ಕೇಳಲಿಲ್ಲ. ಹಲಗೆ ಹತ್ತಿ, ಚಕ್ರದ ಮೇಲೆ ಕಾಲಿಟ್ಟು, ಜಿಂಕೆ ಕಟ್ಟುವ ಜಾಗದಲ್ಲಿ ಕೂತೆ. ಬೆಲ್ಟು ಅಲ್ಲೇ ಇತ್ತು. ಸೊಂಟಕ್ಕೆ ಸುತ್ತಿ ಸರಳಿಗೆ ಸಿಕ್ಕಿಸಿ ಹಿಡಿ ಎಳೆದೆ. ಕಟ ಕಟ ಕಟ ಅಂತ ಬಿಗಿಯುತ್ತದೆ ಅದು. ಬಿಗಿಯುವುದು ಆ ಸವಾರಿಯ ದಿನ ನೋಡಿ ಕಲಿತಿದ್ದೆ. ಬಿಡಿಸುವುದು ನೋಡಿರಲಿಲ್ಲ.

ಮೊದಲು ಕಂಡದ್ದು ಗಾರ್ಡಿಗೆ, ಅವತ್ತು ರೊಟ್ಟಿ ಕೊಟ್ಟವನಿಗೆ. "ಅರೇ, ಅಮ್ಮಾ!" ಅಂತ ಕೂಗಿದ. ಎಲ್ಲರೂ ತಿರುಗಿದರು.

ಸಾಹೇಬ ನಗುತ್ತಲೇ ಬಂದ. "ಮಾತಾಜೀ, ಯೇ ಕ್ಯಾ? ಉತರಿಯೇ." ಇಳಿಯಿರಿ ಅಂತ.

ನನಗೆ ಬರುವ ಹಿಂದಿ ಒಂದು ಹಿಡಿ. ಅದನ್ನೇ ಹಾಕಿದೆ. "ಮೈ ಹಿರನ್. ಬಾಂಧ್ ದಿಯಾ. ಚಲೋ." ನಾನೇ ಜಿಂಕೆ, ಕಟ್ಟಿ ಆಯಿತು, ನಡಿ.

ಸುತ್ತ ನಿಂತವರು ಹೋ ಅಂತ ನಕ್ಕರು. ನಾಯಿಯವಳೂ ಬಂದಿದ್ದಳು. ಅವಳು ನಗಲಿಲ್ಲ. "ಹಿರನ್? ಕೌನ್ ಸಾ ಹಿರನ್?" ಅಂದಳು. ಯಾವ ಜಿಂಕೆ ಅಂತ.

ನಾನು ಪೊರಕೆಯ ಹಿಡಿಯಿಂದ ಮುಂದಿನ ಕವಲಿನಲ್ಲಿದ್ದ ಕವರು ತೋರಿಸಿದೆ. ನನ್ನದೇ ಹೊಲಿಗೆ. ತುಂಬಿತ್ತು. "ಬಂದೂಕ್" ಅಂದೆ. ಆಮೇಲೆ ಗುಡ್ಡ ತೋರಿಸಿದೆ.

ನಗು ನಿಂತಿತು. ಒಬ್ಬ ಫೋನು ತೆಗೆದ, ಅವನನ್ನು ನೋಡಿ ಇನ್ನೊಬ್ಬ ತೆಗೆದ. ಸಾಹೇಬ "ಖೇತ್ ಕೇ ಲಿಯೇ ಹೈ ಭಾಯಿ" ಅಂದ, ಹೊಲ ಕಾಯಲು ಅನ್ನುವ ಹಾಗೆ ಏನೇನೋ ಹೇಳಿದ. ಹೇಳುತ್ತ ಹೇಳುತ್ತ ಕಪ್ಪು ಕನ್ನಡಕ ಹಾಕಿಕೊಂಡ. ಕಡೆಗೆ ಓಬಳೇಶನ ಕಡೆ ತಿರುಗಿ ಹಲ್ಲು ಕಚ್ಚಿ, "ಉತಾರ್ ಅಪನೀ ಮಾಂ ಕೋ" ಅಂದ. ನಿನ್ನ ತಾಯಿಯನ್ನು ಇಳಿಸು.

ಓಬಳೇಶ ಹತ್ತಿ ಬಂದ. ನಾನು ಬಹಳ ಬಿಗಿದುಬಿಟ್ಟಿದ್ದೆ, ಬೆಲ್ಟು ಬಿಡಲೊಲ್ಲದು. ಅವನು ನನ್ನ ಮಡಿಲ ಮೇಲೆ ಬಗ್ಗಿ ಒದ್ದಾಡಿದ. ಕಿವಿಯವರೆಗೂ ಕೆಂಪಾಗಿದ್ದ.

"ಮರ್ಯಾದೆ ತೆಗೆದಿ. ಅಂಗಳನೂ ಹೋತು" ಅಂದ ಮೆಲ್ಲಗೆ.

"ಹೋಗ್ಲಿ. ನೀನು ಜೈಲಿಗೆ ಹೋದ್ರೆ ಆ ಕೋಳಿ ಯಾರು ಕಾಯ್ತಾರೆ, ನಿನ್ನ ಹೆಂಡ್ತಿ?"

ಅವನಿಗೆ ನಗು ಬಂತೋ ಅಳು ಬಂತೋ, ಬಗ್ಗಿದ್ದನಲ್ಲ, ನನಗೆ ತಲೆ ಮಾತ್ರ ಕಂಡಿತು. ತಾಮ್ರದ ಬಣ್ಣದ ಕೂದಲು, ಅಪ್ಪನದೇ. ಬೆಲ್ಟು ಬಿಟ್ಟಿತು. ನಾವು ಇಳಿದೆವು. ಹಲಗೆ ಎತ್ತಿ ಹಾಕಿದರು, ಜೀಪು ಹೋಯಿತು. ಆವತ್ತು ಸಾಹೇಬ ಬೇರೆ ಯಾರನ್ನಾದರೂ ಕರೆದುಕೊಂಡು ಗುಡ್ಡಕ್ಕೆ ಹೋದನೋ ಇಲ್ಲವೋ ನನಗೆ ತಿಳಿಯದು. ನನ್ನ ಮಗ ಹೋಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೋಗಿದ್ದರೆ ಬರೆಯುತ್ತಿರಲಿಲ್ಲ.

ಸುನೀತಾ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆ ಇಡುತ್ತಿದ್ದಳು, ತೆಗೆಯುತ್ತಿದ್ದಳು. ಅವಳ ಸಿಟ್ಟು ನ್ಯಾಯವೇ. ಅಂಗಳ ಅವಳಿಗೂ ಹೋಯಿತು. ಪಿಂಕಿ ಮಾತ್ರ ಶಾಲೆಯಿಂದ ಬಂದವಳೇ "ಅಜ್ಜಿ, ಮೇರೇ ಕ್ಲಾಸ್ ಮೇಂ ಸಬ್‌ಕೋ ಪತಾ ಹೈ, ನೀನು ಹಿರನ್ ಅಂತೆ!" ಅಂತ, ತನ್ನ ಕ್ಲಾಸಿನವರಿಗೆಲ್ಲ ಗೊತ್ತು ಅಂತ ಕುಣಿದಳು. ಗೇಟಿನಲ್ಲಿ ಗಾರ್ಡುಗಳು ನನಗೆ ಹಿರನ್ ಅಮ್ಮಾ ಅಂತ ಹೆಸರಿಟ್ಟರು. ತರಕಾರಿ ಭಯ್ಯಾ ಕೂಡ ಹಾಗೇ ಕರೆಯುತ್ತಾನೆ. ಈಗ ಎಷ್ಟು ಮಂಜು ಇರಲಿ, ನಾನು ಯಾವ ಕಟ್ಟಡದ ಯಾವ ಮಹಡಿಯವಳು ಅಂತ ಎಲ್ಲರಿಗೂ ಗೊತ್ತು. ಇದನ್ನೇ ಓಬಳೇಶನಿಗೆ ಹೇಳಿದೆ.

"ಇನ್ನ ನಾನು ಕಳೆದು ಹೋಗಾಕೆ ಆಗಲ್ಲಲೇ. ಬೀಗ ಯಾರಿಗೆ?"

ಮಾರನೇ ದಿನ ಬಾಗಿಲ ಪಕ್ಕದ ಮೊಳೆಯಲ್ಲಿ ಒಂದು ಕೀಲಿ ತೂಗುತ್ತಿತ್ತು. ತೆಗೆದು ಸೊಂಟಕ್ಕೆ ಸಿಕ್ಕಿಸಿದೆ. ಈಗ ದಿನಾ ಇಳಿಯುತ್ತೇನೆ. ಗೇಟಿನವರೆಗೂ ಹೋಗುತ್ತೇನೆ. "ಕಹಾಂ, ಹಿರನ್ ಅಮ್ಮಾ?" ಅನ್ನುತ್ತಾರೆ, ಎಲ್ಲಿಗೆ ಅಂತ. ಎಲ್ಲಿಗೂ ಇಲ್ಲ. ಕಟ್ಟಡಗಳ ಸುತ್ತ ಒಂದು ಸುತ್ತು ಹಾಕಿ ಮತ್ತೆ ಲಿಫ್ಟು. ಆಚೆ ಹೆದ್ದಾರಿ, ಲಾರಿ, ಧೂಳು. ಊರಿನ ನಮ್ಮ ಮನೆಯಲ್ಲಿ ತಂಗಿಯ ಮಗ ಇದ್ದಾನೆ. ಆಗಾಗ ಫೋನು ಮಾಡಿ, "ದೊಡ್ಡವ್ವಾ, ಬಾಗಿಲು ತಗದೇ ಐತಿ, ಬಾ" ಅನ್ನುತ್ತಾನೆ. ಅವನು ಹಾಗನ್ನುವಾಗ ಹಿಂದೆ ಕೋಳಿ ಕೂಗುವುದು ಕೇಳಿಸುತ್ತದೆ.

ಮೊನ್ನೆ ಓಬಳೇಶನ ಫೋನಿಗೆ ಸಾಹೇಬನ ಕರೆ ಬಂತು. ಇವನು ಎದ್ದು ಬಾಲ್ಕನಿಗೆ ಹೋಗಿ ಮಾತಾಡಿದ. ಜೀ ಸಾಹಬ್, ಜೀ ಸಾಹಬ್ ಅಂದದ್ದು ಕೇಳಿಸಿತು. ಒಳಗೆ ಬಂದು, "ವಿಂಚು ಸಿಗ್ಹಾಕ್ಕೊಂಡೈತಂತೆ ಯವ್ವಾ. ಭಾನುವಾರ ಹೋಗಿ ನೋಡ್ಬೇಕು. ಬರೇ ರಿಪೇರಿ" ಅಂದ.

ನಾನು ಅವರೆಕಾಯಿ ನಾರು ತೆಗೆಯುತ್ತಿದ್ದೆ. ತೆಗೆಯುತ್ತಲೇ ಇದ್ದೆ.

ಊಟವಾದ ಮೇಲೆ ಅವನು ನನ್ನ ಪಕ್ಕ ಬಂದು ಕೂತ. "ಯವ್ವಾ, ಊರಿಗೆ ಹೋಗ್ಬೇಕು ಅಂತಿದ್ದೆಲ್ಲ. ಟಿಕೆಟ್ ತೆಗಿಲೇನು? ಈ ಶನಿವಾರಕ್ಕೇ ಸಿಗತೈತಿ."

ಇಷ್ಟು ವರ್ಷ ನಾನು ಕಾದ ಮಾತು. ದೀಪಾವಳಿ ಇಲ್ಲ, ಚಳಿ ಇಲ್ಲ, ಈ ಶನಿವಾರಕ್ಕೇ ಅಂತೆ. ಅವನ ಮುಖ ನೋಡಿದೆ. ಅವನು ಗೋಡೆ ನೋಡಿದ.

"ಪಿಂಕಿ ಪರೀಕ್ಷೆ ಮುಗೀಲಿ" ಅಂದೆ.

ನೆಲದ ಮೇಲೆ ಬಣ್ಣ ಹಚ್ಚುತ್ತ ಕೂತಿದ್ದ ಪಿಂಕಿ ತಲೆಯೆತ್ತಿದಳು. "ಅಜ್ಜಿ, ಅಭೀ ತೋ ಎಕ್ಸಾಮ್ ಹೈ ಹೀ ನಹೀಂ! ನಂಗೆ ಪರೀಕ್ಷೆ ಇಲ್ಲ."

"ಬರತೈತಿ, ಸುಮ್ನಿರು" ಅಂದೆ.

ಎದ್ದು ಬಾಲ್ಕನಿಗೆ ಹೋಗಿ ಪೊರಕೆ ತಂದೆ. ಬಾಗಿಲ ಪಕ್ಕದ ಮೊಳೆ ಖಾಲಿ ಇತ್ತಲ್ಲ, ಅದಕ್ಕೆ ತೂಗು ಹಾಕಿದೆ.